ಸಯನೈಡ್‌ಗೆ ಮೂರರಲ್ಲಿ ಎರಡು ಭಾಗ ಚಿನ್ನ ಅಷ್ಟೇ ಬರ್ತಿದೆ, ಉಳಿದಿದ್ದು ಯಾವ ಖನಿಜದಲ್ಲಿ ಕೂತಿದೆ ಅಂತ ಹೇಗೆ ಪತ್ತೆ ಹಚ್ಚೋದು?

ಶಿಲಾಬಾಲಿಕೆ
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಜಿಯಾಲಜಿ ಮುಗ್ಸಿ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬ್‌ಗೆ ಸೇರಿ ಎರಡು ವರ್ಷ ಆಯ್ತು. ಈಗ ಧಾರವಾಡ ಶಿಸ್ಟ್ ಬೆಲ್ಟ್‌ನ ಒಂದು ಕಡೆಯ ಚಿನ್ನದ ಅದಿರು ನನ್ನ ಟೇಬಲ್ ಮೇಲಿದೆ, ಜಾಗ ಯಾವ್ದು ಅಂತ ಹೇಳೋ ಹಾಗಿಲ್ಲ, ಕ್ಷಮಿಸಿ. ಹೆಡ್ ಗ್ರೇಡ್, ಅಂದ್ರೆ ಅದಿರಿನಲ್ಲಿರೋ ಒಟ್ಟು ಚಿನ್ನ, ಟನ್ನಿಗೆ 4.2 ಗ್ರಾಂ. 75 ಮೈಕ್ರಾನ್‌ನಲ್ಲಿ 80% ಪಾಸ್ ಆಗೋ ಹಾಗೆ ಅರೆದು 24 ಗಂಟೆ ಸಯನೈಡ್ ಬಾಟಲ್ ರೋಲ್ ಮಾಡಿದ್ರೆ (ಪುಡಿನ ಚಿನ್ನ ಕರಗಿಸೋ ಸಯನೈಡ್ ದ್ರಾವಣದ ಜೊತೆ ಬಾಟಲಿಗೆ ಹಾಕಿ ಉರುಳಿಸೋದು) 62% ಚಿನ್ನ ಕರಗುತ್ತೆ. 38 ಮೈಕ್ರಾನ್‌ಗೆ ಇಳಿಸಿದೆ, 66 ಬಂತು. ಹಟ ಹಿಡಿದು 20ಕ್ಕೆ ಇಳಿಸಿದೆ, 68. ಅಲ್ಲಿಗೆ ನಿಂತೋಯ್ತು. ಬೆಣಚುಕಲ್ಲು, ಕ್ಲೋರೈಟ್, ಕಾರ್ಬೊನೇಟ್, ಜೊತೆಗೆ ಸಲ್ಫೈಡ್ (ಗಂಧಕ ಸೇರಿದ) ಖನಿಜಗಳಾದ ಪೈರೈಟ್, ಪೈರೊಟೈಟ್, ಆರ್ಸೆನೊಪೈರೈಟ್ ಎಲ್ಲಾ ಇದೆ. ಮುಂಚೆ ಹೊರಗಿನ ಒಂದು ಲ್ಯಾಬ್‌ಗೆ ಕಳ್ಸಿದ್ರಂತೆ, ಅವರು ಒಂದೇ ಒಂದು ಪಾಲಿಶ್ಡ್ ಸೆಕ್ಷನ್ (ಮೈಕ್ರೊಸ್ಕೋಪ್‌ಗೆ ಅಂತ ನುಣುಪು ಮಾಡಿದ ಕಲ್ಲಿನ ಬಿಲ್ಲೆ) ನೋಡಿ "ಚಿನ್ನ ಪೈರೈಟ್‌ನಲ್ಲಿದೆ" ಅಂತ ಒಂದು ಸಾಲು ಬರೆದು ಬಿಲ್ ಕಳ್ಸಿದಾರೆ. ಆ ಒಂದು ಸಾಲು ನಂಬಿ ಪ್ಲಾಂಟ್ ಡಿಸೈನ್ ಮಾತು ಬೇರೆ ಶುರುವಾಗಿದೆ, ಅದೇ ನಂಗೆ ಭಯ. ಎಷ್ಟು ಚಿನ್ನ ಇದೆ ಅನ್ನೋದು ಗೊತ್ತು, ಯಾವ ಖನಿಜದಲ್ಲಿ ಎಷ್ಟೆಷ್ಟು ಪಾಲು ಅನ್ನೋದು ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಕುಪ್ಪೆಲ್
ಶುರು ಅಸ್ಸೇಯಿಂದಾನೇ, ಅಂದ್ರೆ ಚಿನ್ನ ಎಷ್ಟಿದೆ ಅಂತ ಅಳೆಯೋ ಪರೀಕ್ಷೆಯಿಂದಾನೇ ಮಾಡಿ ಮೇಡಂ. 4.2 ಅನ್ನೋ ನಂಬರ್ ಎಷ್ಟು ಗಟ್ಟಿ? ಇಪ್ಪತ್ತು ವರ್ಷ ಫೈರ್ ಅಸ್ಸೇ (ಸೀಸದ ಜೊತೆ ಕರಗಿಸಿ ಚಿನ್ನ ಅಳೆಯೋದು) ಮಾಡಿದೀನಿ, ಅದಕ್ಕೇ ಕೇಳ್ತಿದೀನಿ. 50 ಗ್ರಾಂ ಪುಡಿ ತಗೊಂಡ್ರೆ 4.2 ಗ್ರೇಡ್‌ನಲ್ಲಿ ಅದರೊಳಗಿರೋ ಚಿನ್ನ ಒಟ್ಟು 210 ಮೈಕ್ರೊಗ್ರಾಂ. ಅಷ್ಟೂ ಚಿನ್ನ ಒಂದೇ ಉಂಡೆ ಆಗಿದ್ರೆ ಅದರ ದಪ್ಪ 0.27 ಮಿಲಿಮೀಟರ್, ರಾಗಿ ಕಾಳಿನ ಹತ್ರಕ್ಕೂ ಬರಲ್ಲ. ಅಂಥ ಒಂದು ಕಣ ನಿಮ್ಮ ಪೊಟ್ಟಣಕ್ಕೆ ಬಿದ್ರೆ ಗ್ರೇಡ್ ಡಬಲ್, ಬೀಳದಿದ್ರೆ ಕಮ್ಮಿ. ಹಾಗಾಗಿ ಒಂದು ಕಿಲೋ ಪುಡಿನ 106 ಮೈಕ್ರಾನ್ ಜರಡಿ ಹಿಡಿದು, ಮೇಲೆ ಉಳಿದಿದ್ದನ್ನ ಪೂರ್ತಿ ಅಸ್ಸೇ ಮಾಡಿ, ಕೆಳಗೆ ಬಿದ್ದಿದ್ದನ್ನ ಎರಡು ಮೂರು ಸಲ ಮಾಡಿ. ಎರಡೂ ಸೇರಿಸಿ ಲೆಕ್ಕ ಹಾಕಿದಾಗ ಏನು ಬರುತ್ತೋ ಅದು ನಿಜವಾದ ಹೆಡ್.

ಇನ್ನೊಂದು ವಿಷ್ಯ. ಆರ್ಸೆನೊಪೈರೈಟ್ ಜಾಸ್ತಿ ಇರೋ ಅದಿರಿಗೆ ಮಾಮೂಲಿ ಫ್ಲಕ್ಸ್ (ಕಲ್ಲು ಕರಗಿಸೋ ಪುಡಿ) ಹಾಕಿದ್ರೆ ಸೀಸದ ಬಟನ್ (ಚಿನ್ನ ಹಿಡಿದಿಟ್ಟ ಸೀಸದ ಗುಂಡು) ಮೇಲೆ ಗಟ್ಟಿಯಾದ, ತಟ್ಟಿದ್ರೆ ಪುಡಿಯಾಗೋ ಒಂದು ಪದರ ಕೂರುತ್ತೆ, ನಾವು ಸ್ಪೈಸ್ ಅಂತೀವಿ. ಅದು ಚಿನ್ನ ಇಟ್ಕೊಂಡು ಬಿಡುತ್ತೆ, ರಿಸಲ್ಟ್ ಕಮ್ಮಿ ಬರುತ್ತೆ. ಸ್ಯಾಂಪಲ್ ಕಮ್ಮಿ ತಗೊಳ್ಳಿ, ಪೆಟ್ಲುಪ್ಪು ಸರಿಯಾಗಿ ಲೆಕ್ಕ ಹಾಕಿ ಹಾಕಿ. ಬಟನ್ ನೋಡದೆ ನಂಬರ್ ನಂಬಬೇಡಿ.

ಹಟ್ಟಿ ಕಡೆಯವ
ತಂಗಿ, ಕುಪ್ಪೆಲ್ ಅಣ್ಣಾರು ಹೇಳಿದ್ದು ಖರೆ ಐತಿ. ಆದ್ರ ಖನಿಜದ ಮ್ಯಾಲ ತಪ್ಪು ಹೊರಸೂಕ್ಕಿಂತ ಮೊದಲ ಕೆಮಿಸ್ಟ್ರಿ ಒಂದ್ಸಲ ನೋಡ್ರಿ. ಪೈರೊಟೈಟ್ ಐತಿ ಅಂದ್ರಿ ಅಲ್ಲ, ಅದು ದ್ರಾವಣದೊಳಗಿನ ಆಕ್ಸಿಜನ್ ತಿಂದ ಬಿಡತೈತಿ, ಸಯನೈಡೂ ತಿಂತೈತಿ. ಆಕ್ಸಿಜನ್ ಇಲ್ಲಂದ್ರ ಬಂಗಾರ ಕರಗಂಗಿಲ್ಲ, ಬರೇ ಸಯನೈಡ್ ಸುರುವಿದ್ರ ಏನೂ ಆಗಂಗಿಲ್ಲ. ಸುಣ್ಣ ಹಾಕಿ ಮೂರ್ನಾಕು ತಾಸು ಗಾಳಿ ಊದಿ ಆಮ್ಯಾಲ ಸಯನೈಡ್ ಹಾಕ್ರಿ. ಚೂರು ಲೆಡ್ ನೈಟ್ರೇಟ್ ಹಾಕಿ ಒಂದು ಬಾಟಲ್ ಬ್ಯಾರೆ ಇಡ್ರಿ. 48 ತಾಸು ತಿರುಗಿಸಿದ್ದು ಒಂದು ಇರಲಿ. ಇವು ಮೂರರಾಗೂ 62 ದಾಟಲಿಲ್ಲಂದ್ರ ಆವಾಗ ಬಂಗಾರ ಕಲ್ಲಿನೊಳಗ ಸಿಕ್ಕೊಂಡೈತಿ ಅಂತ ಹೇಳಬೌದು.

ಹೊಸಬ
ಮಧ್ಯ ಬಾಯಿ ಹಾಕ್ತಿದೀನಿ ಬೇಜಾರು ಮಾಡ್ಕೋಬೇಡಿ. ನಾನು ಓದಿದ್ದು ಕಾಮರ್ಸ್. ಚಿನ್ನ ಅಂದ್ರೆ ಚಿನ್ನಾನೇ ಅಲ್ವಾ, ಕಲ್ಲು ಪುಡಿ ಮಾಡಿದ್ರೆ ಹೊರಗೆ ಬರಬೇಕಲ್ಲ? "ಯಾವ ಖನಿಜದಲ್ಲಿ" ಅಂದ್ರೆ ಏನರ್ಥ?

ಶಿಲಾಬಾಲಿಕೆ
@ಹೊಸಬ ಒಳ್ಳೆ ಪ್ರಶ್ನೆ ಕೇಳಿದ್ರಿ. ಮೂರು ಥರ ಅಂದ್ಕೊಳ್ಳಿ. ಮೊದಲನೇದು ಬಿಡಿ ಚಿನ್ನ, ಬೆಣಚುಕಲ್ಲಿನ ಬಿರುಕಿನಲ್ಲಿ ಕಣವಾಗಿ ಇರುತ್ತೆ, ಅರೆದ್ರೆ ಬಿಡಿಸ್ಕೊಂಡು ಬರುತ್ತೆ. ಎರಡನೇದು ಬೇರೆ ಖನಿಜದ ಹೊಟ್ಟೆಯೊಳಗೆ ಕೂತಿರೋ ಸಣ್ಣ ಕಣ, ಒಂದೆರಡು ಮೈಕ್ರಾನ್‌ದು, ಹೋಳಿಗೆ ಒಳಗೆ ಸಿಕ್ಕಿಕೊಂಡ ಬೆಲ್ಲದ ಹರಳಿನ ಥರ, ಹೋಳಿಗೆ ಹರಿಯೋವರೆಗೂ ಕಾಣಲ್ಲ. ಮೂರನೇದು ಕಣವೇ ಇಲ್ಲ. ಚಿನ್ನದ ಪರಮಾಣು ಆರ್ಸೆನೊಪೈರೈಟ್ ಅಥವಾ ಪೈರೈಟ್‌ನ ಹರಳಿನ ಕಟ್ಟಡದಲ್ಲೇ ಸೇರ್ಕೊಂಡಿರುತ್ತೆ, ಪಾಯಸದಲ್ಲಿ ಕರಗಿದ ಬೆಲ್ಲ ಹೇಗೋ ಹಾಗೆ. ಅದನ್ನ ಎಷ್ಟು ಅರೆದ್ರೂ ಬಿಡಿಸೋಕೆ ಆಗಲ್ಲ, ಆ ಖನಿಜವನ್ನೇ ಒಡೀಬೇಕು, ಅಂದ್ರೆ ಆಕ್ಸಿಡೈಸ್ ಮಾಡಬೇಕು. ನನ್ನ ಅದಿರು ಎರಡನೇದಾ ಮೂರನೇದಾ ಅನ್ನೋದೇ ತಲೆನೋವು, ಯಾಕಂದ್ರೆ ಎರಡಕ್ಕೂ ಪ್ಲಾಂಟ್ ಪೂರ್ತಿ ಬೇರೆ, ಖರ್ಚೂ ಬೇರೆ.

ಪರ್ತ್ ಕನ್ನಡಿಗ
ಮೂರನೇ ಥರದ್ದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ನೆವಾಡಾದ ಕಾರ್ಲಿನ್. ಅಲ್ಲಿ 1961ರಲ್ಲಿ ನ್ಯೂಮಾಂಟ್ ಕಂಪನಿಯವರು ಅದಿರು ಪತ್ತೆ ಮಾಡಿದಾಗ, ಬಾಣಲೆಯಲ್ಲಿ ಮಣ್ಣು ತೊಳೆದ್ರೆ ಒಂದು ಚುಕ್ಕಿ ಹಳದಿ ಕಾಣ್ತಿರ್ಲಿಲ್ಲ, ಅಸ್ಸೇ ಮಾಡಿದ್ರೆ ಚಿನ್ನ. ಆರ್ಸೆನಿಕ್ ಸೇರಿರೋ ಪೈರೈಟ್‌ನಲ್ಲಿ ಅಡಗಿತ್ತು. ಇದರ ಬಗ್ಗೆ 2005ರಲ್ಲಿ ಬಂದ ಒಂದು ಕೆಲ್ಸ ನಂಗೆ ತುಂಬಾ ಇಷ್ಟ: ಪೈರೈಟ್ ತನ್ನೊಳಗೆ ಎಷ್ಟು ಚಿನ್ನ ಕರಗಿಸಿಕೊಳ್ಳಬಹುದು ಅನ್ನೋದು ಅದರಲ್ಲಿ ಆರ್ಸೆನಿಕ್ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ, ಸುಮಾರಾಗಿ 50 ಆರ್ಸೆನಿಕ್ ಪರಮಾಣುವಿಗೆ ಹೆಚ್ಚಂದ್ರೆ ಒಂದು ಚಿನ್ನದ ಪರಮಾಣು. ಅದಕ್ಕಿಂತ ಜಾಸ್ತಿ ಕಂಡ್ರೆ ಅಲ್ಲಿ ನ್ಯಾನೊ ಗಾತ್ರದ ಚಿನ್ನದ ಕಣವೇ ಇದೆ ಅಂತ ಲೆಕ್ಕ.

ನಾನಿರೋ ದೇಶದಲ್ಲಿ ಇನ್ನೊಂದು ಕಥೆ ಇದೆ. ಕಾಲ್ಗೂರ್ಲಿಯಲ್ಲಿ 1893ರಲ್ಲಿ ಚಿನ್ನ ಸಿಕ್ಕಿತು. ಮೊದಮೊದಲು ಜನ ಬಿಡಿ ಚಿನ್ನಕ್ಕೆ ಮಾತ್ರ ಕಣ್ಣು ಹಾಕಿದ್ರು, ಅದರ ಜೊತೆ ಬಂದ ಪೈರೈಟ್ ಥರದ ಕಲ್ಲನ್ನ ರಸ್ತೆ ಗುಂಡಿಗೆ ತುಂಬಿದ್ರಂತೆ. 1896ರ ಹೊತ್ತಿಗೆ ಅದು ಟೆಲ್ಯುರೈಡ್ (ಚಿನ್ನ ಟೆಲ್ಯುರಿಯಂ ಜೊತೆ ಸೇರಿದ ಖನಿಜ) ಅಂತ ಗೊತ್ತಾದ ಮೇಲೆ ಅದೇ ರಸ್ತೆ ಅಗೆದು ಹೊತ್ಕೊಂಡು ಹೋದ್ರು ಅಂತ ಅಲ್ಲಿನವರು ಇವತ್ತಿಗೂ ಹೇಳ್ತಾರೆ. ಕಾಲಾವರೈಟ್ ಅನ್ನೋ ಟೆಲ್ಯುರೈಡ್‌ನಲ್ಲಿ ತೂಕದ 40%ಕ್ಕಿಂತ ಜಾಸ್ತಿ ಚಿನ್ನ! ಸಯನೈಡ್‌ಗೆ ಬಹಳ ನಿಧಾನವಾಗಿ ಕರಗುತ್ತೆ. ಹಾಗಾಗಿ ಶಿಲಾಬಾಲಿಕೆ, ನಿಮ್ಮ ಅದಿರಿನಲ್ಲಿ ಟೆಲ್ಯುರಿಯಂ ಇದೆಯಾ ಅಂತ ಒಂದು ಐಸಿಪಿ (ಧಾತುಗಳನ್ನ ಅಳೆಯೋ ಪರೀಕ್ಷೆ) ಮಾಡಿಸಿ. ಆರ್ಸೆನಿಕ್ ಹೆಡ್ ಅಸ್ಸೇ ಎಷ್ಟು?

ಶಿಲಾಬಾಲಿಕೆ
ಆರ್ಸೆನಿಕ್ 1.15%. ಟೆಲ್ಯುರಿಯಂ ಪತ್ತೆಯಾಗೋ ಮಟ್ಟಕ್ಕಿಂತ ಕೆಳಗೆ. ಜರಡಿ ಹಿಡಿದು ಮಾಡಿದ ಅಸ್ಸೇ 4.2ಕ್ಕೇ ಬಂತು, 106ರ ಮೇಲೆ ಉಳಿದದ್ದರಲ್ಲಿ ಒಟ್ಟು ಚಿನ್ನದ 9% ಅಷ್ಟೇ. ಗಾಳಿ ಊದಿ, ಲೆಡ್ ನೈಟ್ರೇಟ್ ಹಾಕಿ, 48 ಗಂಟೆ ಇಟ್ಟು ಎಲ್ಲಾ ಮಾಡಿದೆ. ಸಯನೈಡ್ ಖರ್ಚು ತುಂಬಾ ಇಳಿದಿದೆ, ಆದ್ರೆ ರಿಕವರಿ (ಕರಗಿ ಬಂದ ಚಿನ್ನ) 62.5%. ಹಟ್ಟಿ ಅಣ್ಣಾ, ನೀವು ಹೇಳಿದ ಪರೀಕ್ಷೆ ಪಾಸಾಯ್ತು, ಇದು ಕಲ್ಲಿನ ಸಮಸ್ಯೆನೇ.

ಪರ್ತ್ ಕನ್ನಡಿಗ
1.15ನ್ನ 0.46ರಿಂದ ಭಾಗಿಸಿ (ಆರ್ಸೆನೊಪೈರೈಟ್‌ನ ತೂಕದಲ್ಲಿ 46% ಆರ್ಸೆನಿಕ್), 2.5 ಬರುತ್ತೆ. ಅಂದ್ರೆ ಅದಿರಿನಲ್ಲಿ 2.5% ಆರ್ಸೆನೊಪೈರೈಟ್. ಈ ನಂಬರ್ ಬರೆದಿಟ್ಕೊಳ್ಳಿ, ನಾಳೆ ಯಾವ ಮಷೀನು ಖನಿಜದ ಪಟ್ಟಿ ಕೊಟ್ರೂ ಇದಕ್ಕೆ ತಾಳೆ ಆಗಬೇಕು.

ಉರಿಗಾಂ ಪೋರ
ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು ನಾನು, ಅಪ್ಪ ಮಿಲ್‌ನಲ್ಲಿದ್ರು. ಈ ಪ್ರಶ್ನೆ ಓದಿ ಸುಮ್ನೆ ಕೂರೋಕೆ ಆಗ್ಲಿಲ್ಲ. ನಮ್ಮೂರಲ್ಲಿ ಒಂದೇ ಗಣಿಯಲ್ಲಿ ಎರಡು ಥರದ ಅದಿರಿತ್ತು. ಚಾಂಪಿಯನ್ ಲೋಡ್ (ಲೋಡ್ ಅಂದ್ರೆ ಅದಿರಿನ ಪಟ್ಟೆ) ಅಂದ್ರೆ ಬೆಣಚುಕಲ್ಲು, ಅದರಲ್ಲಿ ಬಿಡಿ ಚಿನ್ನ, ಅರೆದ್ರೆ ಸಿಗೋದು. ಅದರ ಪಶ್ಚಿಮಕ್ಕಿರೋ ಲೋಡ್‌ಗಳು ಸಲ್ಫೈಡ್ ಇರೋವು. ಎರಡನ್ನೂ ಒಂದೇ ಕಣ್ಣಲ್ಲಿ ನೋಡೋಕಾಗಲ್ಲ ಅಂತ ಅಪ್ಪ ಯಾವಾಗ್ಲೂ ಹೇಳ್ತಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು, ಊರು ಖಾಲಿ ಆಯ್ತು, ಸಯನೈಡ್ ಗುಡ್ಡಗಳು, ಅಂದ್ರೆ ಚಿನ್ನ ತೆಗೆದು ಸುರಿದ ಪುಡಿಯ ರಾಶಿಗಳು ಮಾತ್ರ ಉಳಿದ್ವು. ಮೂರು ಕೋಟಿ ಟನ್‌ಗಿಂತ ಜಾಸ್ತಿ ಪುಡಿ, ಟನ್ನಿಗೆ ಒಂದು ಗ್ರಾಮಿಗಿಂತ ಕಮ್ಮಿ ಚಿನ್ನ. ಗಾಳಿ ಬೀಸಿದ್ರೆ ಆ ಪುಡಿ ನಮ್ಮ ಮನೆ ಪಾತ್ರೆ ಮೇಲೆ ಬಂದು ಕೂರುತ್ತೆ. 2024ರ ಜೂನ್‌ನಲ್ಲಿ 13 ಗುಡ್ಡಗಳಲ್ಲಿ ಮತ್ತೆ ಚಿನ್ನ ತೆಗೆಯೋ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ ಒಪ್ಪಿದ ಮೇಲೆ ಊರಲ್ಲಿ ಎಲ್ರೂ ಇಷ್ಟು ಟನ್ ಚಿನ್ನ ಇದೆ, ಇಷ್ಟು ಸಾವಿರ ಕೋಟಿ ಅಂತ ಲೆಕ್ಕ ಹಾಕ್ತಾರೆ. ನಾನು ಕೇಳೋದು ಶಿಲಾಬಾಲಿಕೆ ಕೇಳಿದ್ದನ್ನೇ. ಒಂದ್ಸಲ ಸಯನೈಡ್‌ನಲ್ಲಿ ನೆಂದು ಎದ್ದು ಬಂದ ಪುಡಿಯಲ್ಲಿ ಉಳಿದಿರೋ ಚಿನ್ನ ಯಾಕೆ ಉಳೀತು? ಬೆಣಚಿನಲ್ಲಿ ಸಿಕ್ಕೊಂಡಿದ್ಯಾ, ಸಲ್ಫೈಡ್‌ನಲ್ಲಾ, ಅಥವಾ ಆಗ ದಪ್ಪ ಅರೆದಿದ್ದಕ್ಕಾ? ಹಳೇ ಗುಡ್ಡಕ್ಕೂ ಹೊಸ ಗುಡ್ಡಕ್ಕೂ ಉತ್ತರ ಬೇರೆ ಬೇರೆ ಇರುತ್ತೆ. ಮೇಲಿನ ಸಲ್ಫೈಡ್ ಇಷ್ಟು ವರ್ಷ ಮಳೆ ಗಾಳಿಗೆ ತುಕ್ಕು ಹಿಡಿದು ಒಡೆದಿರಬಹುದು, ಒಳಗಿನದು ಹಾಗೇ ಇರಬಹುದು. ಗುಡ್ಡ ಗುಡ್ಡಕ್ಕೂ, ಆಳ ಆಳಕ್ಕೂ ನೋಡಬೇಕು. ಅದನ್ನ ನೋಡದೆ ಕೋಟಿ ಲೆಕ್ಕ ಹಾಕಿ ನಮ್ಮ ಜನಕ್ಕೆ ಇನ್ನೊಂದು ಆಸೆ ತೋರಿಸೋದು ಬೇಡ.

ಹಟ್ಟಿ ಕಡೆಯವ
ಉರಿಗಾಂ ತಮ್ಮಾ, ಹೊಟ್ಟ್ಯಾಗಿಂದ ಬಂದ ಮಾತು ಅದು.

ಶಿಲಾಬಾಲಿಕೆ ತಂಗಿ, ಈಗ ಡಯಾಗ್ನೊಸ್ಟಿಕ್ ಲೀಚಿಂಗ್ ಮಾಡ್ರಿ. ದುಡ್ಡು ಕಮ್ಮಿ, ಮಾಹಿತಿ ಬಾಳ. ಒಂದೊಂದ ಆಸಿಡ್ಡಿಗೆ ಒಂದೊಂದ ಖನಿಜ ಕರಗತೈತಿ, ಕರಗಿದ ಮ್ಯಾಲ ಅದರೊಳಗಿದ್ದ ಬಂಗಾರಕ್ಕ ಸಯನೈಡ್ ಮುಟ್ಟತೈತಿ, ಅಷ್ಟ ವಿಷ್ಯ. ಮೊದಲ ನೇರ ಸಯನೈಡ್, ಬಿಡಿ ಬಂಗಾರ ಮತ್ತ ಬಾಯಿ ತೆರದ ಬಂಗಾರ ಬರತೈತಿ. ಉಳದದ್ದಕ್ಕ ಹೈಡ್ರೊಕ್ಲೋರಿಕ್, ಕಾರ್ಬೊನೇಟು ಪೈರೊಟೈಟು ಹೋಗತಾವು, ಮತ್ತ ಸಯನೈಡ್. ಆಮ್ಯಾಲ ಬಿಸಿ ನೈಟ್ರಿಕ್, ಪೈರೈಟು ಆರ್ಸೆನೊಪೈರೈಟು ಹೋಗತಾವು, ಮತ್ತ ಸಯನೈಡ್. ಕರಿ ಕಾರ್ಬನ್ ಇದ್ರ ಅದು ಸಯನೈಡಿನೊಳಗಿನ ಬಂಗಾರ ವಾಪಸ್ ಹೀರತೈತಿ, ಅದಕ್ಕ ಅಸಿಟೋನೈಟ್ರೈಲ್‌ಲೇ ತೊಳದು ನೋಡ್ರಿ. ಕಡೀಕ ಉಳದದ್ದನ್ನ ಅಸ್ಸೇ ಮಾಡ್ರಿ, ಅದು ಬೆಣಚು ಸಿಲಿಕೇಟಿನೊಳಗಿಂದು.

ಕುಪ್ಪೆಲ್
ನಿಲ್ಲಿ ನಿಲ್ಲಿ. ಇದನ್ನ ಓದಿ ಯಾರಾದ್ರೂ ನೇರ ಮಾಡಿ ಬಿಟ್ಟಾರು. ಸಯನೈಡ್ ಅಂಟಿರೋ ಪುಡಿಗೆ ಆಸಿಡ್ ಹಾಕಿದ್ರೆ ಹೈಡ್ರೊಜನ್ ಸಯನೈಡ್ ಗ್ಯಾಸ್ ಬರುತ್ತೆ, ಜೀವ ಹೋಗುತ್ತೆ. ಪ್ರತಿ ಸಯನೈಡ್ ಹಂತದ ಮೇಲೂ ಪುಡಿನ ಮತ್ತೆ ಮತ್ತೆ ತೊಳೆದು, ತೊಳೆದ ನೀರಲ್ಲಿ ಸಯನೈಡ್ ಇಲ್ಲ ಅಂತ ಟೆಸ್ಟ್ ಮಾಡಿದ ಮೇಲೇ ಆಸಿಡ್. ಆಸಿಡ್ ಆದ ಮೇಲೂ ಹಾಗೇ ತೊಳೆದು ಸುಣ್ಣ ಹಾಕಿ ಪಿಎಚ್ 10.5ರ ಮೇಲೆ ನಿಂತ ಮೇಲೇ ಸಯನೈಡ್. ಪೈರೊಟೈಟ್‌ಗೆ ಆಸಿಡ್ ಬಿದ್ರೆ ಕೊಳೆತ ಮೊಟ್ಟೆ ವಾಸನೆ ಗ್ಯಾಸ್, ಅದೂ ವಿಷ. ನೈಟ್ರಿಕ್‌ಗೆ ಕಂದು ಹೊಗೆ. ಫ್ಯೂಮ್ ಹುಡ್ ಇಲ್ಲದೆ, ಜೊತೆಗೆ ಇನ್ನೊಬ್ರು ಇಲ್ಲದೆ ಮುಟ್ಟಬೇಡಿ. ಮನೆಯಲ್ಲಿ ಪ್ರಯೋಗ ಮಾಡೋರು ದಯವಿಟ್ಟು ಈ ಥ್ರೆಡ್ ಓದಿ ಅಲ್ಲಿಗೇ ಬಿಡಿ.

ಹಾಗೇ ಆರ್ಸೆನೊಪೈರೈಟ್ ಕಲ್ಲನ್ನ ಬೆಂಕಿಯಲ್ಲಿ ಹುರೀಲೂ ಬೇಡಿ. ಕೆನಡಾದ ಯೆಲ್ಲೊನೈಫ್ ಹತ್ರ ಜೈಂಟ್ ಮೈನ್ ಅಂತ ಇತ್ತು, ಇಂಥದೇ ಅದಿರು, ದಶಕಗಟ್ಟಲೆ ಹುರಿದು ಚಿನ್ನ ತೆಗೆದ್ರು. ಹೊಗೆಯಿಂದ ಹಿಡಿದ ಆರ್ಸೆನಿಕ್ ಟ್ರೈಆಕ್ಸೈಡ್ ಪುಡಿ 2,37,000 ಟನ್ ಇವತ್ತಿಗೂ ನೆಲದಡಿ ಇದೆ, ಅದನ್ನ ಹೊರಗೆ ಬಿಡದ ಹಾಗೆ ನೋಡ್ಕೊಳ್ಳೋದೇ ಒಂದು ದೊಡ್ಡ ಕೆಲ್ಸ ಆಗಿದೆ.

ಶಿಲಾಬಾಲಿಕೆ
ಎಲ್ಲಾ ಬರೆದಿಟ್ಕೊಂಡಿದೀನಿ ಸರ್, ಹುಡ್ ಇದೆ, ಸೀನಿಯರ್ ಜೊತೆಗಿರ್ತಾರೆ. ಅಷ್ಟರಲ್ಲಿ ಮೈಕ್ರೊಸ್ಕೋಪ್ ಕೆಲ್ಸ ಮಾಡೋಣ ಅಂತ ಮೂರು ಪಾಲಿಶ್ಡ್ ಸೆಕ್ಷನ್ ನೋಡಿದೆ, ಎರಡು ದಿನ ಕೂತು ನೋಡಿದ್ರೂ ಒಂದೇ ಒಂದು ಚಿನ್ನದ ಚುಕ್ಕಿ ಸಿಕ್ತು. ಕಣ್ಣು ನೋವು ಬಂತು ಅಷ್ಟೇ.

ಪರ್ತ್ ಕನ್ನಡಿಗ
ಸಿಗೋದೇ ಅಷ್ಟು. ಲೆಕ್ಕ ಹಾಕಿ ನೋಡಿ: ಚಿನ್ನದ ಸಾಂದ್ರತೆ 19.3, ನಿಮ್ಮ ಕಲ್ಲಿನದು 2.8 ಅಂತಿಟ್ಕೊಳ್ಳಿ. 25 ಮಿಲಿಮೀಟರ್ ಅಗಲದ ಒಂದು ದುಂಡು ಸೆಕ್ಷನ್‌ನ ಇಡೀ ಮೇಲ್ಮೈಯಲ್ಲಿ 4.2 ಗ್ರೇಡ್‌ನ ಚಿನ್ನ ಅಂದ್ರೆ ಸರಾಸರಿ 300 ಚದರ ಮೈಕ್ರಾನ್, ಸುಮಾರು 20 ಮೈಕ್ರಾನ್ ಅಗಲದ ಒಂದೇ ಚುಕ್ಕಿ. ಅದಕ್ಕೇ ಆ ಹೊರಗಿನ ಲ್ಯಾಬಿನ ಒಂದು ಸಾಲಿನ ರಿಪೋರ್ಟ್‌ಗೆ ಅರ್ಥ ಇಲ್ಲ ಅನ್ನೋದು. ಅವರು ನೋಡಿದ್ದು ಒಂದು ಚುಕ್ಕಿ, ಅದು ಪೈರೈಟ್‌ನಲ್ಲಿತ್ತು, ಉಳಿದ ಚಿನ್ನಕ್ಕೂ ಅದೇ ವಿಳಾಸ ಬರೆದ್ರು. ಮೊದಲು ಚಿನ್ನವನ್ನ ಒಟ್ಟುಗೂಡಿಸಿ, ಆಮೇಲೆ ನೋಡಿ.

ಕಪ್ಪತಗುಡ್ಡ
ಒಟ್ಟುಗೂಡಿಸೂದು ಅಂದ್ರ ನಮ್ಮ ಜಾಲಗಾರರು ಮಾಡ್ತಿದ್ದದ್ದ ಅಲ್ರೀ? ನಮ್ಮ ಗದಗ ಕಡೆ ಕಪ್ಪತಗುಡ್ಡದ ಹಳ್ಳದಾಗ ಮಳಿ ಬಂದು ಹೋದ ಮ್ಯಾಲ ಜಾಲಗಾರರು ಉಸುಕು ತೊಳದು ಬಂಗಾರ ತಗೀತಿದ್ರು. ನಮ್ಮಜ್ಜಿ ನೋಡಿದ್ದು ಹೇಳ್ತಿದ್ಲು. ಕಟ್ಟಿಗಿ ಮರಿಗ್ಯಾಗ ಉಸುಕು ಹಾಕಿ ನೀರಾಗ ಆಡಿಸಿ ಆಡಿಸಿ, ಹಗುರಂದು ಹೋಗಿ ಕಡೀಕ ಕರೀ ಉಸುಕು ಉಳೀತಿತ್ತಂತ, ಅದರಾಗ ಬಂಗಾರ. 1870ರ ದಶಕದಾಗ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರೂ ಡಂಬಳ ಸೀಮಿ ತಿರುಗಿ ಇವರ ಬಗ್ಗೆ ಬರದಾರ.

ಪರ್ತ್ ಕನ್ನಡಿಗ
ಅದೇ ಕೆಲ್ಸ! ಈಗ ನಾವು ಮರಿಗೆ ಬದ್ಲು ಶೇಕಿಂಗ್ ಟೇಬಲ್, ಸೆಂಟ್ರಿಫ್ಯೂಜ್ ಬಳಸ್ತೀವಿ. ಶಿಲಾಬಾಲಿಕೆ, ಹತ್ತು ಕಿಲೋ ತಗೊಂಡು ತೊಳೆದು ಭಾರದ ಪಾಲಿನ ಸೆಕ್ಷನ್ ಮಾಡಿ. ನೆನಪಿರಲಿ, ತೊಳೆದಾಗ ಹಗುರಾಗಿ ಹರಿದು ಹೋದದ್ದನ್ನೂ ಅಸ್ಸೇ ಮಾಡಬೇಕು, ಇಲ್ಲಾಂದ್ರೆ ನೀವು ನೋಡೋದು ದಪ್ಪ ಚಿನ್ನದ ಕಥೆ ಮಾತ್ರ. ಆಮೇಲೆ ಆಟೊಮೇಟೆಡ್ ಎಲೆಕ್ಟ್ರಾನ್ ಮೈಕ್ರೊಸ್ಕೋಪ್, ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒದವರು ಬೆಳೆಸಿದ ಕ್ವೆಮ್‌ಸ್ಕ್ಯಾನ್ ಅಥವಾ ಕ್ವೀನ್ಸ್‌ಲ್ಯಾಂಡ್‌ನಿಂದ ಬಂದ ಎಂಎಲ್‌ಎ ಥರದ್ದು. ಭಾರದ ಧಾತು ಅದರಲ್ಲಿ ಬೆಳ್ಳಗೆ ಹೊಳೆಯುತ್ತೆ, ಮಷೀನೇ ಹುಡುಕಿ ಪಕ್ಕದಲ್ಲಿ ಯಾವ ಖನಿಜ ಇದೆ, ಕಣ ಎಷ್ಟು ಹೊರಗೆ ತೆರೆದಿದೆ ಅಂತ ಪಟ್ಟಿ ಮಾಡುತ್ತೆ. ಆದ್ರೆ ಅದಕ್ಕೂ ಕಾಣದ ಚಿನ್ನ ಇದೆ, ಪಾಯಸದಲ್ಲಿ ಕರಗಿದ ಬೆಲ್ಲ ಅಂದ್ರಲ್ಲ ಅದು. ಅದಕ್ಕೆ ಲೇಸರ್ ಐಸಿಪಿ ಎಂಎಸ್ ಬೇಕು. ಒಂದೊಂದು ಪೈರೈಟ್, ಆರ್ಸೆನೊಪೈರೈಟ್ ಹರಳಿನ ಮೇಲೆ ಲೇಸರ್ ಚುಚ್ಚಿ ಎದ್ದ ಪುಡಿಯಲ್ಲಿ ಚಿನ್ನ ಎಷ್ಟು ಪಿಪಿಎಂ (ಟನ್ನಿಗೆ ಎಷ್ಟು ಗ್ರಾಂ) ಅಂತ ಅಳೆಯೋದು. ಲೇಸರ್ ಒಳಗಿಳೀತಾ ಇದ್ದ ಹಾಗೆ ಚಿನ್ನದ ಸಿಗ್ನಲ್ ಸಮನಾಗಿ ಬಂದ್ರೆ ಕರಗಿದ ಬೆಲ್ಲ, ಒಮ್ಮೆಲೇ ಮೊನಚಾಗಿ ಎದ್ದು ಬಿದ್ರೆ ಬೆಲ್ಲದ ಹರಳು.

ಹೊಸಬ
ಬೆಳ್ಳಿಗೂ ಇದೇ ಥರಾನಾ?

ಪರ್ತ್ ಕನ್ನಡಿಗ
ಹೌದು, ಆದ್ರೆ ಮನೆಗಳು ಬೇರೆ. ಬೆಳ್ಳಿ ಗೆಲೀನಾ ಅಂದ್ರೆ ಸೀಸದ ಅದಿರಿನೊಳಗೆ ಕೂರುತ್ತೆ, ಟೆಟ್ರಾಹೆಡ್ರೈಟ್‌ನಲ್ಲಿ ಕೂರುತ್ತೆ, ಚಿನ್ನದ ಜೊತೆಯೂ ಬೆರೆಯುತ್ತೆ.

ಶಿಲಾಬಾಲಿಕೆ
ಆರು ವಾರ ಆದ್ಮೇಲೆ ಬರ್ತಿದೀನಿ, ರಿಸಲ್ಟ್ ಎಲ್ಲಾ ಬಂದಿದೆ. ಮೊದಲು ಡಯಾಗ್ನೊಸ್ಟಿಕ್ ಲೀಚ್, 38 ಮೈಕ್ರಾನ್ ಪುಡಿ ಮೇಲೆ. ನೇರ ಸಯನೈಡ್‌ಗೆ 66%. ಹೈಡ್ರೊಕ್ಲೋರಿಕ್ ಆದ ಮೇಲೆ 5. ನೈಟ್ರಿಕ್ ಆದ ಮೇಲೆ 25. ಕಾರ್ಬನ್ 1. ಕೊನೆಗೆ ಸಿಲಿಕೇಟ್‌ನಲ್ಲಿ 3. ಅಂದ್ರೆ ಪೈರೈಟ್ ಮತ್ತು ಆರ್ಸೆನೊಪೈರೈಟ್ ಎರಡೂ ಸೇರಿ ಕಾಲು ಭಾಗ ಚಿನ್ನ ಹಿಡ್ಕೊಂಡಿವೆ, ಟನ್ನಿಗೆ 1.05 ಗ್ರಾಂ. ನೈಟ್ರಿಕ್‌ಗೆ ಎರಡೂ ಕರಗೋದ್ರಿಂದ ಯಾವುದರಲ್ಲಿ ಎಷ್ಟು ಅಂತ ಇದರಿಂದ ಹೇಳೋಕಾಗಲ್ಲ.

ಖನಿಜದ ಪಟ್ಟಿ: ಪೈರೈಟ್ 4%, ಆರ್ಸೆನೊಪೈರೈಟ್ 2.5% (ಪರ್ತ್ ಸರ್, ನೀವು ಹೇಳಿದ ನಂಬರ್‌ಗೆ ಸರಿಯಾಗಿ ಬಂತು, ಅದನ್ನ ನೋಡಿ ಲ್ಯಾಬಲ್ಲೇ ಕೂಗಿಬಿಟ್ಟೆ). ಲೇಸರ್: ಪೈರೈಟ್ ಸರಾಸರಿ 3 ಪಿಪಿಎಂ, ಆರ್ಸೆನೊಪೈರೈಟ್ ಸರಾಸರಿ 35. ಈಗ ಗುಣಿಸಿ ನೋಡಿ. ಪೈರೈಟ್ 0.04 ಸಲ 3, ಟನ್ನಿಗೆ 0.12 ಗ್ರಾಂ. ಆರ್ಸೆನೊಪೈರೈಟ್ 0.025 ಸಲ 35, 0.875 ಗ್ರಾಂ. ಸೇರಿಸಿದ್ರೆ 0.995. ಲೀಚ್ ಹೇಳಿದ್ದು 1.05. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಹತ್ರಹತ್ರ ಒಂದೇ ಕಡೆ ಬಂದ್ವಿ. ಜಾಸ್ತಿ ಇರೋ ಖನಿಜ ಪೈರೈಟ್, ಆದ್ರೆ ಸಿಕ್ಕಿಬಿದ್ದ ಚಿನ್ನ ಇರೋದು ಆರ್ಸೆನೊಪೈರೈಟ್‌ನಲ್ಲಿ, ಇಡೀ ಅದಿರಿನ ಚಿನ್ನದ ಐದನೇ ಒಂದು ಭಾಗ. "ಚಿನ್ನ ಪೈರೈಟ್‌ನಲ್ಲಿದೆ" ಅನ್ನೋ ಆ ಸಾಲು ತಪ್ಪು ಅಂತ ಈಗ ಕಾಗದದ ಮೇಲೆ ಇಡಬಹುದು.

ಹಟ್ಟಿ ಕಡೆಯವ
ಶಭಾಷ್ ತಂಗಿ! ಲೇಸರ್ ಸಿಗ್ನಲ್ ಸಮ ಇತ್ತೋ ಮೊನಚೋ?

ಶಿಲಾಬಾಲಿಕೆ
ಬಹುಪಾಲು ಸಮ ಅಣ್ಣಾ. ಅಲ್ಲೊಂದು ಇಲ್ಲೊಂದು ಮೊನಚು. ಆರ್ಸೆನೊಪೈರೈಟ್ ಹರಳಿನ ನಡುವೆ ಕಮ್ಮಿ, ಅಂಚಿನ ಪದರದಲ್ಲಿ ಜಾಸ್ತಿ ಚಿನ್ನ, 35 ಅನ್ನೋದು ಸರಾಸರಿ ಅಷ್ಟೇ.

ಹಟ್ಟಿ ಕಡೆಯವ
ಹಂಗಾದ್ರ ಇನ್ನೂ ಸಣ್ಣಗ ಅರಿಯೂದು ಕರೆಂಟ್ ಬಿಲ್ಲಿಗೆ ಕೊಟ್ಟಂಗ, ಬಿಡ್ರಿ ಅದನ್ನ. 75ಕ್ಕ ಅರದು, ದಪ್ಪ ಬಂಗಾರ ಗ್ರಾವಿಟಿಲೇ (ಭಾರದ ಮ್ಯಾಲ ಬ್ಯಾರೆ ಮಾಡೂದು) ತಗೀರಿ, ಸಲ್ಫೈಡ್ ಫ್ಲೊಟೇಶನ್‌ಲೇ (ನೊರಿಯೊಳಗ ತೇಲಿಸೂದು) ಮ್ಯಾಲ ಎತ್ತಿ ಸಣ್ಣ ಗುಂಪು ಮಾಡ್ರಿ, ಆ ಗುಂಪಿಗಷ್ಟ ಆಕ್ಸಿಡೇಶನ್. ಹುರಿಯೂದು ಬ್ಯಾಡ ಅಂತ ಕುಪ್ಪೆಲ್ ಅಣ್ಣಾರು ಹೇಳ್ಯಾರ. ಬ್ಯಾಕ್ಟೀರಿಯಾಲೇ ಸಲ್ಫೈಡ್ ಒಡಿಯೂ ದಾರಿ ಐತಿ, ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಾಗ 1986ರಿಂದ ನಡದೈತಿ. ಚಿತ್ರದುರ್ಗದ ಹತ್ರ ಜಿ.ಆರ್.ಹಳ್ಳಿಯ ಇಂಥದ ಅದಿರಿನ ಮ್ಯಾಲ ಬೆಂಗಳೂರಿನ ಐಐಎಸ್ಸಿಯವರೂ ಬ್ಯಾಕ್ಟೀರಿಯಾ ಹಚ್ಚಿ ಕೆಲಸ ಮಾಡ್ಯಾರ. ಫ್ಲೋಟ್ ಟೆಸ್ಟಿನಾಗ ಆರ್ಸೆನಿಕ್ ಎಷ್ಟ ಮ್ಯಾಲ ಬರತೈತಿ, ಬಂಗಾರ ಎಷ್ಟ ಬರತೈತಿ, ಎರಡೂ ಜೋಡಿ ಹೋಗತಾವೋ ಇಲ್ಲೋ ನೋಡ್ರಿ.

ಕುಪ್ಪೆಲ್
ಒಂದು ಪ್ರಶ್ನೆ. ಈ ಸ್ಯಾಂಪಲ್ ಇಡೀ ಅದಿರಿನದಾ, ಒಂದೇ ಜಾಗದ್ದಾ?

ಶಿಲಾಬಾಲಿಕೆ
ಒಂದೇ ಕಡೆಯ ಮೂರು ಡ್ರಿಲ್ ಹೋಲ್ ಬೆರೆಸಿದ್ದು ಸರ್. ನೀವು ಕೇಳ್ತೀರ ಅಂತ ಗೊತ್ತಿತ್ತು. ಉತ್ತರದ ತುದಿಯ ಕೋರ್‌ನಲ್ಲಿ (ಕೊರೆದು ತೆಗೆದ ಕಲ್ಲಿನ ಕಂಬಿ) ಆರ್ಸೆನಿಕ್ 0.2% ಅಷ್ಟೇ ಇದೆ, ಅಲ್ಲಿ ಕಥೆ ಬೇರೆನೇ ಇರಬಹುದು. ಆಳದ್ದೊಂದು, ಉತ್ತರದ್ದೊಂದು ಬೇರೆ ಬೇರೆ ಕಳಿಸಿ ಅಂತ ಕೇಳಿ ಪತ್ರ ಬರೆದಿದೀನಿ, ನಿನ್ನೆ ಒಪ್ಪಿಗೆ ಬಂತು. ಸೋಮವಾರ ಕೋರ್ ಬಾಕ್ಸ್ ಬರ್ತವೆ, ಜರಡಿ ಅಸ್ಸೇಯಿಂದ ಮತ್ತೆ ಶುರು.